ಹಳೆ ವೆಸ್ಟ್‌ಫಾಲಿಯಾ ವ್ಯಾನಿಗೆ ಸುಬಾರು ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ 1987ರ ಫೋಕ್ಸ್‌ವ್ಯಾಗನ್ ವ್ಯಾನಗನ್ ಇದೆ. ಮೇಲ್ಛಾವಣಿ ಎತ್ತಿದರೆ ಮಾಳಿಗೆಯ ಹಾಗೆ ಇನ್ನೊಂದು ಹಾಸಿಗೆ ತೆರೆದುಕೊಳ್ಳುವ ವೆಸ್ಟ್‌ಫಾಲಿಯಾ ಕ್ಯಾಂಪರ್. ಅದರ ಮೂಲ ಎಂಜಿನ್ ಇಳಿಸಿ, 1994ರ ಸುಬಾರು ಲೆಗಸಿ ಕಾರಿನ 2.2 ಲೀಟರ್ ಎಂಜಿನ್ ಕೂರಿಸಿದ್ದೇನೆ. ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಮನೆಯ ಗ್ಯಾರೇಜಿನಲ್ಲೇ. ಅಂದಿನಿಂದ ಕನ್ನಡ ಕೂಟದ ಊಟದ ಸಾಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಊರಿಂದ ಬರುವ ಫೋನಿನಲ್ಲಿ ಅವೇ ಪ್ರಶ್ನೆಗಳು. ನಾನು ಮೆಕ್ಯಾನಿಕ್ ಅಲ್ಲ. ಮಾಡಿದ್ದು, ಕೆಡಿಸಿಕೊಂಡಿದ್ದು, ಆಮೇಲೆ ಸರಿ ಮಾಡಿಕೊಂಡಿದ್ದು ಇಲ್ಲಿದೆ.

## ಮೊದಲು ಕೇಳುವವು

ಅಲ್ಲ ಕಣೋ, ಓಡ್ತಾ ಇರೋ ಗಾಡಿಗೆ ಬೇರೆ ಎಂಜಿನ್ ಯಾಕೋ?

ಇದು ಮೈಸೂರಿಂದ ಅಪ್ಪನ ಪ್ರಶ್ನೆ. ಓಡುತ್ತಿರಲಿಲ್ಲ ಅಪ್ಪಾ, ಕುಂಟುತ್ತಿತ್ತು.

ಅಮೆರಿಕಕ್ಕೆ ಬಂದ ವ್ಯಾನಗನ್‌ಗಳಲ್ಲಿ 1983ರ ನಡುವಿನವರೆಗೆ ಗಾಳಿಯಿಂದ ತಣ್ಣಗಾಗುವ 2 ಲೀಟರ್ ಎಂಜಿನ್ ಇತ್ತು. ಸುಮಾರು 67 ಎಚ್‌ಪಿ. ಒಂದಷ್ಟು ವ್ಯಾನುಗಳಿಗೆ 1.6 ಲೀಟರ್ ಡೀಸೆಲ್ ಹಾಕಿದ್ದರು. ಅದು 50 ಎಚ್‌ಪಿ ಕೂಡ ಕೊಡುತ್ತಿರಲಿಲ್ಲ. ಆಮೇಲೆ ನೀರಿನ ಎಂಜಿನ್ ಬಂತು, ಮೊದಲು 1.9, ನಂತರ 95 ಎಚ್‌ಪಿಯ 2.1. ಇದಕ್ಕೆ 'ವಾಸರ್‌ಬಾಕ್ಸರ್' ಅಂತ ಹೆಸರು. ನನ್ನದು ಈ ಕೊನೆಯದು.

ವಾಸರ್‌ಬಾಕ್ಸರ್‌ನ ರೋಗ ಎಲ್ಲರಿಗೂ ಗೊತ್ತಿರುವಂಥದ್ದು. ಸಿಲಿಂಡರ್ ಸುತ್ತಲಿನ ನೀರು ಹೊರಬಾರದಂತೆ ತಡೆಯುವುದು ಹೆಡ್ಡಿನ (ಸಿಲಿಂಡರುಗಳ ಮುಚ್ಚಳದ) ಹತ್ತಿರದ ಒಂದು ರಬ್ಬರ್ ಗ್ಯಾಸ್ಕೆಟ್. ವರ್ಷ ಕಳೆದಂತೆ ಆ ರಬ್ಬರ್ ಕೂರುವ ಜಾಗದಲ್ಲಿ ಅಲ್ಯುಮಿನಿಯಂ ಹೆಡ್ಡು ತಿಂದುಹೋಗುತ್ತದೆ. ಮೊದಲು ಒಂದು ಹನಿ, ಆಮೇಲೆ ಪಾರ್ಕಿಂಗ್ ಜಾಗದಲ್ಲಿ ಸಣ್ಣ ಕೆರೆ. ನಾನು ಒಂದು ಸಲ ಹೆಡ್ ರಿಪೇರಿ ಮಾಡಿಸಿದೆ. ಎರಡನೇ ಸಲ ಸೋರಿದಾಗ ಸಾಕಪ್ಪಾ ಅನ್ನಿಸಿತು.

ಸುಬಾರು ಎಂಜಿನ್ ಮುಂದೆ ಇರುತ್ತೆ, ನಿಮ್ಮ ವ್ಯಾನಿಗೆ ಹಿಂದೆ. ಅದು ಹೇಗೆ ಹೊಂದುತ್ತೆ?

ಎರಡೂ ಒಂದೇ ಜಾತಿಯವು. ನಾಲ್ಕು ಸಿಲಿಂಡರ್ ಎರಡೂ ಕಡೆ ಅಡ್ಡಡ್ಡ ಮಲಗಿರುತ್ತವೆ. ಹಾಗಾಗಿ ಎಂಜಿನ್ ಗಿಡ್ಡ, ಹಿಂದಿನ ಹಾಸಿಗೆಯ ಕೆಳಗಿನ ಮುಚ್ಚಳ ಮುಚ್ಚಿಯೇ ಇರುತ್ತದೆ.

ಲೆಗಸಿಯಲ್ಲಿ ಎಂಜಿನ್ನಿನ ಹಿಂದೆ ಗೇರ್‌ಬಾಕ್ಸ್. ವ್ಯಾನಿನಲ್ಲಿ ಎಂಜಿನ್ನಿನ ಮುಂದೆ ಗೇರ್‌ಬಾಕ್ಸ್. ಅಂದರೆ ಸುಬಾರು ಎಂಜಿನ್ ಅನ್ನು ಹಿಂದುಮುಂದು ತಿರುಗಿಸಿ ಕೂರಿಸಬೇಕು. 'ಹಾಗಾದರೆ ವ್ಯಾನು ರಿವರ್ಸ್ ಹೋಗಲ್ವಾ?' ಅಂತ ಒಬ್ಬರು ಗಾಬರಿಯಿಂದ ಕೇಳಿದರು. ಇಲ್ಲ. ಪುಲ್ಲಿ ಕಡೆಯಿಂದ ನೋಡಿದರೆ ಎರಡೂ ಎಂಜಿನ್ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತವೆ. ಗೇರ್‌ಬಾಕ್ಸ್‌ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಬೇರೆ ಯಾವ ಎಂಜಿನ್ ಹಾಕಬಹುದು? ಎಲೆಕ್ಟ್ರಿಕ್ ಮಾಡಬಹುದಲ್ವಾ?

ಗಾಲ್ಫ್-ಜೆಟ್ಟಾದ 2 ಲೀಟರ್ ಪೆಟ್ರೋಲ್, ಟಿಡಿಐ ಡೀಸೆಲ್, ಫೋರ್ಡ್ ಝೆಟೆಕ್, ಎಲ್ಲವನ್ನೂ ಜನ ಹಾಕಿದ್ದಾರೆ. ಇವೆಲ್ಲ ನೇರ ಸಾಲಿನ ಎಂಜಿನ್. ಎತ್ತರ ಜಾಸ್ತಿ, ಹಾಗಾಗಿ ಓರೆಯಾಗಿ ಮಲಗಿಸಬೇಕು, ಇಲ್ಲವೇ ಮುಚ್ಚಳ ಎತ್ತರಿಸಬೇಕು. ಕಂಪನಿಯೇ ತನ್ನ ಡೀಸೆಲ್ ಎಂಜಿನ್ನನ್ನು 50 ಡಿಗ್ರಿ ಓರೆ ಮಾಡಿ ಮಲಗಿಸಿತ್ತು. ದಕ್ಷಿಣ ಆಫ್ರಿಕಾದ ಯೂಟೆನ್‌ಹೇಗ್ ಕಾರ್ಖಾನೆಯಲ್ಲಿ ಈ ವ್ಯಾನು 2002ರವರೆಗೂ ತಯಾರಾಯಿತು. ಅಲ್ಲಿ ಅವರೇ ಔಡಿಯ ಐದು ಸಿಲಿಂಡರ್ ಎಂಜಿನ್ ಹಾಕಿ ಮಾರಿದರು. ಹಾಗಾಗಿ 'ಮೂಲ ಎಂಜಿನ್ ತೆಗೆಯೋದು ಪಾಪ' ಅನ್ನುವವರ ಮಾತಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲೆಕ್ಟ್ರಿಕ್ ಆಗುತ್ತದೆ. ಆದರೆ ಕ್ಯಾಂಪರ್‌ನಲ್ಲಿ ಒಲೆ, ಫ್ರಿಜ್, ನೀರಿನ ಟ್ಯಾಂಕ್ ಈಗಾಗಲೇ ಭಾರ. ಅದರ ಮೇಲೆ ಬ್ಯಾಟರಿ ಹೇರಿದರೆ ಇಡೀ ಬಜೆಟ್ಟೇ ಬೇರೆ, ಬ್ರೇಕಿನ ಲೆಕ್ಕವೂ ಬೇರೆ. ನಾನು ಆ ದಾರಿ ಹಿಡಿಯಲಿಲ್ಲ.

ನಂದು 1972ರ ಫೋಕ್ಸ್‌ವ್ಯಾಗನ್ ಬಸ್ಸು. ಇದೇ ರೀತಿ ಮಾಡಿದ್ರೆ ಸಾಕಾ?

ಸಾಕಾಗಲ್ಲ. ಅದು ಗಾಳಿಯಿಂದ ತಣ್ಣಗಾಗುವ ಎಂಜಿನ್, ರೇಡಿಯೇಟರೇ ಇಲ್ಲ. ರೇಡಿಯೇಟರ್ ಎಲ್ಲಿಡಬೇಕು, ಪೈಪ್ ಎಲ್ಲಿಂದ ಎಳೆಯಬೇಕು ಅನ್ನುವುದೇ ಅರ್ಧ ಕೆಲಸ. ಇಲ್ಲಿ ಬರೆದಿರುವುದು ಈಗಾಗಲೇ ಮುಂದೆ ರೇಡಿಯೇಟರ್ ಇರುವ ವ್ಯಾನಗನ್‌ಗೆ.

## ಕೈ ಹಾಕುವ ಮುಂಚೆ

ನಾನು ಸಾಫ್ಟ್‌ವೇರ್ ಮನುಷ್ಯ. ನನ್ ಕೈಲಿ ಆಗುತ್ತಾ? ಎಷ್ಟು ದಿನ ಬೇಕು?

ಕ್ಲಚ್ ಪ್ಲೇಟ್ ನೀವೇ ಬದಲಿಸಿದ್ದೀರಾ? ವೈರಿಂಗ್ ಡಯಾಗ್ರಂ ನೋಡಿ ಒಂದು ರಿಲೇ ಕೂರಿಸಿದ್ದೀರಾ? ಎರಡಕ್ಕೂ ಹೌದಾದರೆ ಆಗುತ್ತದೆ. ಇಲ್ಲದಿದ್ದರೆ ಮೊದಲು ಅವೆರಡನ್ನು ಮಾಡಿ ನೋಡಿ.

ನನಗೆ ಹಿಡಿದದ್ದು ಏಳು ತಿಂಗಳು, ಬರೀ ಶನಿವಾರ-ಭಾನುವಾರ. ಇದರಲ್ಲಿ ಹಳೆ ಎಂಜಿನ್ ಇಳಿಸಿ ಹೊಸದನ್ನು ಬೋಲ್ಟ್ ಮಾಡುವುದಕ್ಕೆ ಎಲ್ಲ ಸೇರಿ ಎರಡು ವಾರಾಂತ್ಯ. ಉಳಿದದ್ದೆಲ್ಲ ನೀರು, ವೈರು, ಕಾಗದ. ಎಂಜಿನ್ ಗಾಳಿಯಲ್ಲಿ ತೂಗುವ ಫೋಟೋ ಎಲ್ಲರೂ ಹಾಕುತ್ತಾರೆ. ಅದು ಹಬ್ಬದ ಊಟದ ದಿನ ಇದ್ದ ಹಾಗೆ. ಅಡುಗೆಗೆ ಹೆಚ್ಚಿ ಇಟ್ಟವರು ಫೋಟೋದಲ್ಲಿ ಇರುವುದಿಲ್ಲ.

ಖರ್ಚು ಎಷ್ಟಾಯ್ತು? ಹೆಂಡ್ತಿ ಇಲ್ಲ ಈಗ, ನಿಜ ಹೇಳಿ.

ನನ್ನ ಲೆಕ್ಕದ ಪುಸ್ತಕದ ಪ್ರಕಾರ ಸುಮಾರು 6,500 ಡಾಲರ್. ನನ್ನ ಶ್ರಮಕ್ಕೆ ಕೂಲಿ ಸೇರಿಲ್ಲ. ಗುದ್ದಿಸಿಕೊಂಡಿದ್ದ ಲೆಗಸಿ 900. ಅಡಾಪ್ಟರ್ ಪ್ಲೇಟ್, ಫ್ಲೈವೀಲ್, ಕ್ಲಚ್, ಗಿಡ್ಡ ಆಯಿಲ್ ಪ್ಯಾನ್ (ಎಂಜಿನ್ ಅಡಿಯ ಆಯಿಲ್ ತಟ್ಟೆ), ಎಕ್ಸಾಸ್ಟ್ ಇವೇ ದೊಡ್ಡ ಬಾಬ್ತು. ಆದರೆ ಬಜೆಟ್ ಮುರಿದದ್ದು ಹೋಸು, ಕ್ಲಾಂಪು, ವೈರು, ಕನೆಕ್ಟರ್. ಹತ್ತು ಡಾಲರ್, ಇಪ್ಪತ್ತು ಡಾಲರ್ ಅಂತ ಅಂಗಡಿಗೆ ಹೋಗಿಬಂದ ಚೀಟಿಗಳನ್ನು ಕೂಡಿಸಿದಾಗ ನಾನೇ ಎರಡು ಸಲ ಲೆಕ್ಕ ಹಾಕಿದೆ. ಹೆಂಡತಿಗೂ ಇದೇ ಮೊತ್ತ ಹೇಳಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ (ಹೊಗೆ ಪರೀಕ್ಷೆ) ಪಾಸ್ ಆಗುತ್ತಾ?

ಆಗುತ್ತದೆ, ಎಂಜಿನ್ ಕೊಳ್ಳುವ ಮುಂಚೆ ನಿಯಮ ಓದಿದ್ದರೆ.

ಮೊದಲನೆಯದು, ಹೊಸ ಎಂಜಿನ್ ನಿಮ್ಮ ವ್ಯಾನಿನ ಮಾಡೆಲ್ ವರ್ಷದ್ದೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಹಳೆಯದು ನಡೆಯಲ್ಲ. ಎರಡನೆಯದು, ಆ ಎಂಜಿನ್ ತನ್ನ ಮೂಲ ಕಾರಿನಲ್ಲಿದ್ದಾಗ ಹೊಗೆ ನಿಯಂತ್ರಣಕ್ಕೆ ಏನೇನಿತ್ತೋ ಅದೆಲ್ಲವೂ ಜೊತೆಗೆ ಬರಬೇಕು. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿ, ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪ, ಎಲ್ಲ. ಎಂಜಿನ್ 1996 ಅಥವಾ ಆಮೇಲಿನ ಕಾರಿನದಾದರೆ ಒಬಿಡಿ-2 (ಕಾರು ತನ್ನ ದೋಷ ತಾನೇ ಪತ್ತೆ ಹಚ್ಚುವ ವ್ಯವಸ್ಥೆ) ಪೂರ್ತಿ ಕೆಲಸ ಮಾಡಬೇಕು. ನಾನು 1994ರದ್ದನ್ನೇ ಹುಡುಕಿದ್ದಕ್ಕೆ ಇದೂ ಒಂದು ಕಾರಣ.

ಮಾಮೂಲಿ ಸ್ಮಾಗ್ ಅಂಗಡಿಯಲ್ಲಿ ಮೊದಲ ಸಲ ಇದು ಮುಗಿಯುವುದಿಲ್ಲ. ರಾಜ್ಯದ 'ರೆಫರಿ', ಅಂದರೆ ಇಂಥ ಗಾಡಿ ನೋಡುವ ಪರೀಕ್ಷಕರ ಹತ್ತಿರ ಹೋಗಬೇಕು. ಅವರು ಟಾರ್ಚ್ ಹಿಡಿದು ಒಂದೊಂದೇ ಹೋಸ್ ನೋಡುತ್ತಾರೆ. ಒಪ್ಪಿದರೆ ಒಂದು ಲೇಬಲ್ ಅಂಟಿಸುತ್ತಾರೆ. ಮುಂದಿನ ಸಲದಿಂದ ಮಾಮೂಲಿ ಅಂಗಡಿಯವರು ಆ ಲೇಬಲ್ ನೋಡಿ ಪರೀಕ್ಷೆ ಮಾಡುತ್ತಾರೆ. ನನ್ನ ವ್ಯಾನು ಮೊದಲ ಸಲ ವಾಪಸ್ ಬಂತು. ಇದ್ದಿಲಿನ ಡಬ್ಬಿಯ ಒಂದು ಹೋಸನ್ನು ನಾನೇ ಸುಮ್ನೆ ಪ್ಲಗ್ ಮಾಡಿಬಿಟ್ಟಿದ್ದೆ. ಲೆಗಸಿಯ ಬಾನೆಟ್ ಒಳಗಿನ ಎಮಿಷನ್ ಸ್ಟಿಕ್ಕರನ್ನು ಎಸೆಯಬೇಡಿ. ಅದರಲ್ಲಿ ಹೋಸುಗಳ ನಕ್ಷೆ ಇರುತ್ತದೆ.

ಬೆಂಗಳೂರಲ್ಲಿ ನನ್ನ ಹಳೆ ಮ್ಯಾಟಡೋರ್‌ಗೆ ಹೀಗೇ ಮಾಡ್ಬಹುದಾ ಸಾರ್?

ಪಾನಾ ಹಿಡಿಯುವ ಮುಂಚೆ ಆರ್‌ಟಿಓಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಇನ್ನೊಂದು ಕಂಪನಿಯ ಎಂಜಿನ್ ಹಾಕಿ, ಆಮೇಲೆ ನೋಡೋಣ ಅಂದುಕೊಂಡರೆ ಇನ್ಶೂರೆನ್ಸ್ ಹೊತ್ತಿಗೆ ಸಿಕ್ಕಿಬೀಳುತ್ತೀರಿ. ಇಲ್ಲಿ ನನಗೆ ಸಿಕ್ಕ ಲೇಬಲ್ಲಿನ ದಾರಿ ಅಲ್ಲಿಗೆ ಅನ್ವಯಿಸುವುದಿಲ್ಲ.

ಬರೀ ಎಂಜಿನ್ ತಗೊಳ್ಳಲಾ, ಇಡೀ ಕಾರ್ ತಗೊಳ್ಳಲಾ? ಯಾವ ವರ್ಷದ್ದು?

ಇಡೀ ಕಾರು. ಇದರಲ್ಲಿ ಎರಡು ಮಾತಿಲ್ಲ. ಗುಜರಿಯಿಂದ ಬರೀ ಎಂಜಿನ್ ತಂದರೆ ಕಂಪ್ಯೂಟರ್, ವೈರಿಂಗ್, ರಿಲೇ, ಏರ್‌ಫ್ಲೋ ಸೆನ್ಸರ್ ಒಂದೊಂದನ್ನೇ ಹುಡುಕುತ್ತಾ ಅಲೆಯಬೇಕು. ಇಡೀ ಕಾರು ತಂದರೆ ಅದು ನಿಮ್ಮ ಕಣ್ಣೆದುರೇ ಸ್ಟಾರ್ಟ್ ಆಗುತ್ತದೆ, ಶಬ್ದ ಕೇಳಬಹುದು. ನಾನು ಮೊದಲು ಒಂದು ಅಂಗಡಿಯಿಂದ 'ಚೆನ್ನಾಗಿದೆ' ಅಂದ ಎಂಜಿನ್ ತಂದು ಕಂಪ್ರೆಷನ್ ನೋಡಿದೆ. ಒಂದು ಸಿಲಿಂಡರ್ ಸತ್ತಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. ಆ ದುಡ್ಡು ಪಾಠದ ಫೀಸು ಅಂದುಕೊಂಡೆ.

1990ರಿಂದ 94ರ ಲೆಗಸಿಯ ಇಜೆ22, ಅಂದರೆ ಅದೇ 2.2 ಲೀಟರಿನದು, ನನ್ನ ಆಯ್ಕೆ. 130 ಎಚ್‌ಪಿ. ಅದರ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುವುದಿಲ್ಲ. 1997ರಿಂದ ಬಂದ ಇಜೆ22ಗಳಲ್ಲಿ ಬಡಿಯುತ್ತದೆ. 2.5 ಲೀಟರಿನ ಇಜೆ25ಕ್ಕೆ ಶಕ್ತಿ ಜಾಸ್ತಿ, ಆದರೆ 1990ರ ದಶಕದ ಕೊನೆಯ ಇಜೆ25ಗಳು ಹೆಡ್ ಗ್ಯಾಸ್ಕೆಟ್‌ಗೇ ಕುಖ್ಯಾತ. ಹೆಡ್ ಸೋರುವ ಎಂಜಿನ್ ಬಿಸಾಕಿ ಹೆಡ್ ಸೋರುವ ಎಂಜಿನ್ನೇ ತಂದರೆ ಏನು ಬಂತು?

## ಕೈಗೆ ಗ್ರೀಸ್ ಹತ್ತಿದ ಮೇಲೆ

ಲಿಫ್ಟ್ ಇಲ್ದೆ ಒಬ್ಬನೇ ಎಂಜಿನ್ ಇಳಿಸ್ಬಹುದಾ?

ಇಬ್ಬರಿರಲಿ. ವ್ಯಾನಗನ್ ಎಂಜಿನ್ ಮೇಲಕ್ಕೆ ಬರುವುದಿಲ್ಲ, ಕೆಳಗೆ ಇಳಿಯುತ್ತದೆ. ಹಿಂಭಾಗವನ್ನು ಎತ್ತರಿಸಿ ಗಟ್ಟಿ ಸ್ಟ್ಯಾಂಡ್ ಕೊಡಿ. ಎಂಜಿನ್ ಜಾರಿ ಹೊರಬರುವಷ್ಟು ಎತ್ತರ ಬೇಕು, ಇದನ್ನು ಮೊದಲೇ ಅಳೆದು ನೋಡಿ. ಎಂಜಿನ್ ಕೆಳಗೆ ಮೋಟಾರ್‌ಸೈಕಲ್ ಎತ್ತುವ ಅಗಲವಾದ ಜ್ಯಾಕ್ ಇಡಿ. ಎಂಜಿನ್ ಬಿಟ್ಟ ತಕ್ಷಣ ಗೇರ್‌ಬಾಕ್ಸ್‌ನ ಹಿಂತುದಿ ಕೆಳಕ್ಕೆ ಜೋಲುತ್ತದೆ, ಅದಕ್ಕೆ ಬೇರೆ ಆಸರೆ ಕೊಡಬೇಕು. ಬರೀ ಜ್ಯಾಕ್ ನಂಬಿ ವ್ಯಾನಿನ ಕೆಳಗೆ ತಲೆ ಹಾಕಬೇಡಿ. ಬ್ಯಾಟರಿ ವೈರ್ ಎಲ್ಲಕ್ಕಿಂತ ಮೊದಲು ಬಿಚ್ಚಿ.

ಸುಬಾರು ಎಂಜಿನ್ ಚೆನ್ನಾಗೇ ಓಡ್ತಿತ್ತು. ಹಾಗೇ ಹಾಕಿದ್ರೆ ಆಗಲ್ವಾ?

ಆಗುತ್ತದೆ, ಆಮೇಲೆ ಪಶ್ಚಾತ್ತಾಪವೂ ಆಗುತ್ತದೆ. ಸ್ಟ್ಯಾಂಡಿನ ಮೇಲಿದ್ದಾಗ ಅರ್ಧ ಗಂಟೆಯ ಕೆಲಸ, ವ್ಯಾನಿಗೆ ಹೋದ ಮೇಲೆ ಅರ್ಧ ದಿನದ್ದು. ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ಐಡ್ಲರ್‌ಗಳು, ವಾಟರ್ ಪಂಪ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್, ಎಲ್ಲ ಹೊಸದು ಹಾಕಿ.

ಎರಡು ಜಾಗ ಮರೆಯಬೇಡಿ. ಆಯಿಲ್ ಪಂಪಿನ ಹಿಂಬದಿಯ ಸ್ಕ್ರೂಗಳು ತಾನಾಗಿ ಸಡಿಲವಾಗುತ್ತವೆ. ಬಿಚ್ಚಿ, ಲಾಕ್‌ಟೈಟ್ ಹಚ್ಚಿ ಬಿಗಿ ಮಾಡಿ. ಫ್ಲೈವೀಲ್ ಹಿಂದೆ ಆಯಿಲ್ ಸೆಪರೇಟರ್ ಅಂತ ಒಂದು ತಟ್ಟೆ ಇದೆ. ಪ್ಲಾಸ್ಟಿಕ್‌ದಾಗಿದ್ದರೆ ಸೋರುತ್ತದೆ, ಲೋಹದ್ದು ಹಾಕಿ. ಇದನ್ನು ಬಿಟ್ಟರೆ ಕ್ಲಚ್ ಪ್ಲೇಟಿಗೆ ಆಯಿಲ್ ಅಭಿಷೇಕ.

ಎರಡು ಕಂಪನಿ ಬೋಲ್ಟು-ತೂತು ಹೇಗೆ ಸೇರ್ಸೋದು?

ಮಧ್ಯೆ ಅಡಾಪ್ಟರ್ ಪ್ಲೇಟ್ ಬರುತ್ತದೆ. ಒಂದು ಮುಖದಲ್ಲಿ ಸುಬಾರು ತೂತು, ಇನ್ನೊಂದರಲ್ಲಿ ಫೋಕ್ಸ್‌ವ್ಯಾಗನ್ ಬೆಲ್ ಹೌಸಿಂಗ್‌ನ (ಗೇರ್‌ಬಾಕ್ಸಿನ ಎಂಜಿನ್ ಕಡೆಯ ಬಾಯಿಯ) ತೂತು. ಕೆನಡಿ ಇಂಜಿನಿಯರ್ಡ್ ಪ್ರಾಡಕ್ಟ್ಸ್‌ನಂಥವರು ಇದನ್ನೇ ಮಾಡಿ ಮಾರುತ್ತಾರೆ. ಜೊತೆಗೆ ಸುಬಾರು ಕ್ರ್ಯಾಂಕಿಗೆ ಕೂರುವ, ಫೋಕ್ಸ್‌ವ್ಯಾಗನ್ ಸ್ಟಾರ್ಟರಿನ ಹಲ್ಲಿಗೆ ಹೊಂದುವ ಫ್ಲೈವೀಲ್ ಬೇಕು. ಪ್ಲೇಟನ್ನು ಲೇತ್‌ನಲ್ಲಿ ನಾವೇ ಮಾಡಿಸಿದರೆ ಅಗ್ಗ ಅನ್ನಿಸಬಹುದು. ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ಗೇರ್‌ಬಾಕ್ಸ್ ಶಾಫ್ಟ್ ತಿನ್ನುತ್ತದೆ. ಕೊಂಡುಕೊಳ್ಳಿ.

ಆಯಿಲ್ ಪ್ಯಾನ್ ಕತ್ತರಿಸ್ಬೇಕಂತಲ್ಲ, ನಿಜಾನಾ?

ಸುಬಾರು ಪ್ಯಾನ್ ಆಳ. ಹಾಗೇ ಬಿಟ್ಟರೆ ವ್ಯಾನಿನ ಹೊಟ್ಟೆಯಲ್ಲಿ ಅದೇ ಎಲ್ಲಕ್ಕಿಂತ ಕೆಳಗೆ. ಕ್ಯಾಂಪಿಂಗ್ ಜಾಗದ ಮಣ್ಣುದಾರಿಯಲ್ಲಿ ಒಂದು ಕಲ್ಲು ಸಾಕು. ಗಿಡ್ಡ ಪ್ಯಾನ್, ಅದಕ್ಕೆ ತಕ್ಕ ಆಯಿಲ್ ಹೀರುವ ಪೈಪ್, ಎರಡೂ ಜೋಡಿಯಾಗಿ ಸಿಗುತ್ತವೆ. ಪ್ಯಾನ್ ಬದಲಿಸಿ ಪೈಪ್ ಬಿಟ್ಟರೆ ಎಂಜಿನ್ ಹೋದ ಹಾಗೇ.

ವೈರಿಂಗ್ ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಿಂದ ಶುರು ಮಾಡ್ಲಿ?

ಲೆಗಸಿಯ ಡ್ಯಾಶ್‌ಬೋರ್ಡಿಂದ ಎಂಜಿನ್‌ವರೆಗಿನ ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬಿಚ್ಚಿ ತನ್ನಿ. ಒಂದೇ ಒಂದು ವೈರನ್ನೂ ಕತ್ತರಿಸಬೇಡಿ. ಆಮೇಲೆ ಊಟದ ಮೇಜಿನ ಮೇಲೆ ಹರಡಿ ಟೇಪ್ ಬಿಡಿಸಿ. ನಮ್ಮ ಮನೆಯಲ್ಲಿ ಹದಿನೈದು ದಿನ ಊಟ ನೆಲದ ಮೇಲೆ ನಡೆಯಿತು. ಮಗಳಿಗೆ ಅದೇ ಖುಷಿ, ಅಜ್ಜಿ ಮನೆ ಥರ.

ನಿಮ್ಮ ಎಂಜಿನ್ನಿನ ಅದೇ ವರ್ಷದ ಸರ್ವಿಸ್ ಮ್ಯಾನುಯಲ್ ಬೇಕು. ಒಂದು ವರ್ಷ ಆಚೀಚೆಯಾದರೂ ಬಣ್ಣ ಬದಲಾಗಿರಬಹುದು. ಕಂಪ್ಯೂಟರಿನ ಒಂದೊಂದು ಪಿನ್ನಿನಿಂದ ಹೊರಟು ಅದು ಎಲ್ಲಿಗೆ ಹೋಗುತ್ತದೆ ನೋಡಿ, ಚೀಟಿ ಅಂಟಿಸಿ. ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್, ಏರ್‌ಫ್ಲೋ, ನಾಕ್ ಸೆನ್ಸರ್, ಆಕ್ಸಿಜನ್ ಸೆನ್ಸರ್, ಐಡಲ್ ವಾಲ್ವ್, ಇವು ಉಳಿಯಬೇಕು. ಹೆಡ್‌ಲೈಟ್, ವೈಪರ್, ರೇಡಿಯೋ ವೈರು ಹೋಗಬೇಕು. ಎಲ್ಲ ಬೇರೆಯಾದ ಮೇಲೆ ವ್ಯಾನಿಗೆ ಜೋಡಿಸಬೇಕಾದದ್ದು ಬೆರಳೆಣಿಕೆಯಷ್ಟು. ಸದಾ ಇರುವ 12 ವೋಲ್ಟ್, ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಸ್ಟಾರ್ಟರ್ ಸಿಗ್ನಲ್, ಪೆಟ್ರೋಲ್ ಪಂಪ್, ಚೆಕ್ ಎಂಜಿನ್ ದೀಪ, ಮತ್ತೆ ಅರ್ಥ್.

ವ್ಯಾನಗನ್ನಿನ ಹಳೆ ಕೀ ಸ್ವಿಚ್ ಬಡಪಾಯಿ. ಅದರ ಮೇಲೆ ಹೊಸ ಭಾರ ಹಾಕಬೇಡಿ, ರಿಲೇ ಮೂಲಕ ಕೊಡಿ. ಅರ್ಥ್ ವೈರುಗಳನ್ನು ಸುಬಾರು ಎಲ್ಲಿ ಕೊಟ್ಟಿತ್ತೋ ಅಲ್ಲೇ, ಎಂಜಿನ್ನಿನ ಮೇಲೇ ಕೊಡಿ. ಎಂಜಿನ್ನಿಗೂ ಬಾಡಿಗೂ ದಪ್ಪ ಪಟ್ಟಿ ಬೇರೆಯಾಗಿ ಇರಲಿ. 'ಕಂಪ್ಯೂಟರ್ ಹೋಗಿದೆ' ಅಂತ ನಾನು ಒಂದು ವಾರ ಒದ್ದಾಡಿದ್ದಕ್ಕೆ ಕಾರಣ ಬಣ್ಣ ಹಚ್ಚಿದ ಜಾಗಕ್ಕೆ ಬಿಗಿದ ಒಂದು ಅರ್ಥ್ ಬೋಲ್ಟು.

ಹಳೆ ಪೆಟ್ರೋಲ್ ಪೈಪುಗಳು ಚೆನ್ನಾಗೇ ಕಾಣ್ತಿವೆ, ಬದಲಿಸ್ಬೇಕಾ?

ಎಲ್ಲವನ್ನೂ. ಈ ವ್ಯಾನುಗಳು ಬೆಂಕಿಗೆ ಆಹುತಿಯಾಗುವುದು ಹೆಚ್ಚಾಗಿ ಒಣಗಿದ ಪೆಟ್ರೋಲ್ ಹೋಸಿನಿಂದ. ಇಂಜೆಕ್ಷನ್ನಿನ ಒತ್ತಡ ತಡೆಯುವ ಆರ್9 ದರ್ಜೆಯ ಹೋಸ್, ಅದಕ್ಕೇ ಮಾಡಿದ ಕ್ಲಾಂಪ್. ಟ್ಯಾಂಕ್ ಮುಂದಿದೆ, ಅದರ ರಬ್ಬರ್ ಗ್ರಾಮೆಟ್‌ಗಳೂ ಅಷ್ಟೇ ಹಳೆಯವು. ವಾಪಸ್ ಹೋಗುವ ಲೈನ್ ಸುಬಾರುಗೂ ಬೇಕು, ಮುಚ್ಚಬೇಡಿ.

## ಸ್ಟಾರ್ಟ್ ಆದ ಮೇಲೆ

ಎಲ್ಲ ಸರಿ ಇದೆ, ಆದ್ರೂ ಬಿಸಿ ಮುಳ್ಳು ಮೇಲೆ ಹೋಗುತ್ತೆ. ರೇಡಿಯೇಟರ್ ದೊಡ್ಡದು ಹಾಕ್ಲಾ?

ಬೇಡ, ತಡೀರಿ. ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ರೇಡಿಯೇಟರ್ ಕೊಂಡವರ ಸಮಸ್ಯೆ ಎಷ್ಟೋ ಸಲ ಹಾಗೇ ಉಳಿದಿದೆ.

ಸುಬಾರು ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಎಲ್ಲಿದೆ ನೋಡಿ. ಬಿಸಿ ನೀರು ಹೊರಹೋಗುವ ಬಾಯಲ್ಲಿ ಅಲ್ಲ, ಕೆಳಗೆ, ತಣ್ಣೀರು ವಾಟರ್ ಪಂಪಿಗೆ ಒಳಬರುವ ಬಾಯಲ್ಲಿ. ಹಾಗಾದರೆ ಅದಕ್ಕೆ ಎಂಜಿನ್ ಬಿಸಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಹೀಟರ್ ಸುತ್ತಿ ವಾಪಸ್ ಬರುವ ಬಿಸಿ ನೀರು ಅದರ ಬೆನ್ನಿಗೆ ತಾಗಬೇಕು. ಲೆಗಸಿಯಲ್ಲಿ ಆ ದಾರಿ ಯಾವಾಗಲೂ ತೆರೆದಿರುತ್ತದೆ. ವ್ಯಾನಗನ್ನಿನಲ್ಲಿ ಹೀಟರಿಗೆ ಒಂದು ವಾಲ್ವ್ ಇದೆ. ಹೀಟರ್ ಆಫ್ ಮಾಡಿದರೆ ನೀರೂ ಬಂದ್. ಆಗ ಥರ್ಮೋಸ್ಟಾಟ್ ತಣ್ಣೀರಿನಲ್ಲಿ ಹಾಯಾಗಿ ಕೂತಿರುತ್ತದೆ, ಎಂಜಿನ್ ಕುದಿಯುತ್ತದೆ. ಬೇಸಿಗೆಯಲ್ಲಿ ಹೀಟರ್ ಹಾಕಿದಾಗ ಮುಳ್ಳು ಇಳಿಯಿತು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಔಷಧಿ ಸುಲಭ: ವಾಲ್ವಿಗೆ ಮುಂಚೆಯೇ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ, ನೀರು ಸದಾ ಸುತ್ತಿ ಥರ್ಮೋಸ್ಟಾಟಿಗೆ ವಾಪಸ್ ಬರುವ ದಾರಿ ಮಾಡಿ.

ಎರಡನೇ ಶತ್ರು ಗಾಳಿ. ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಬಾಲದಲ್ಲಿ, ನಡುವೆ ಇಡೀ ವ್ಯಾನಿನುದ್ದದ ಪೈಪ್. ಹತ್ತಿರ ಹತ್ತಿರ 17 ಲೀಟರ್ ಕೂಲಂಟ್ ಹಿಡಿಯುತ್ತದೆ. ವ್ಯಾನಿನ ಮುಂಭಾಗ ಎತ್ತರಿಸಿ, ಹೀಟರ್ ಪೂರ್ತಿ ತೆರೆದು, ಎಂಜಿನ್ನನ್ನು 2,000 ಆರ್‌ಪಿಎಂ ಹತ್ತಿರ ಇಟ್ಟು, ರೇಡಿಯೇಟರ್ ಮೇಲಿನ ಗಾಳಿ ಸ್ಕ್ರೂ ತೆರೆಯಿರಿ. ಮೊದಲು ಉಸ್ ಅನ್ನುತ್ತದೆ, ಆಮೇಲೆ ಗುಳುಗುಳು, ಆಮೇಲೆ ಒಂದೇ ಧಾರೆ. ಧಾರೆ ಬರುವವರೆಗೆ ಹಿಂದೆ ಒಬ್ಬರು ನೀರು ತುಂಬುತ್ತಲೇ ಇರಬೇಕು. ನಾನು ಒಬ್ಬನೇ ಮಾಡಲು ಹೋಗಿ, ಓಡಿ ಓಡಿ ಸುಸ್ತಾಗಿ, 'ಇಷ್ಟು ಸಾಕು' ಅಂತ ನಿಲ್ಲಿಸಿದೆ. ಕ್ಯಾಲಿಫೋರ್ನಿಯಾದ ಡಾನರ್ ಘಟ್ಟ ಹತ್ತುವಾಗ ವ್ಯಾನು ಉತ್ತರ ಕೊಟ್ಟಿತು. ಮೂರು ಗಂಟೆ ರಸ್ತೆ ಬದಿಯಲ್ಲಿ ಕೂತು ಚಿತ್ರಾನ್ನ ತಿಂದೆವು.

ಎಂಜಿನ್ ಹೊಸದು, ಆದ್ರೆ 2,000 ಆರ್‌ಪಿಎಂ ದಾಟಿದ ತಕ್ಷಣ ಬಝರ್ ಕೂಗುತ್ತೆ. ಆಯಿಲ್ ಇಲ್ವಾ?

ಆಯಿಲ್ ನೋಡಿ, ಖಂಡಿತ. ಪ್ರೆಷರ್ ಗೇಜ್ ಹಾಕಿ ಅಳೆಯಿರಿ. ಒತ್ತಡ ಸರಿ ಇದ್ದರೆ ಕಾರಣ ಬೇರೆ. 1986ರ ನಂತರದ ವ್ಯಾನಿನಲ್ಲಿ ಆಯಿಲ್ ಒತ್ತಡ ನೋಡುವ ಎರಡು ಸ್ವಿಚ್: 0.3 ಬಾರ್‌ದು ಒಂದು, 0.9 ಬಾರ್‌ದು ಇನ್ನೊಂದು. ವೇಗ ಹೆಚ್ಚಿದ ಮೇಲೆ ಎರಡನೆಯದರಿಂದ ಸುದ್ದಿ ಬರದಿದ್ದರೆ ಬಝರ್ ಕೂಗುತ್ತದೆ. ಸುಬಾರುವಿನಲ್ಲಿ ಆ ಎರಡನೇ ಸ್ವಿಚ್ಚೇ ಇಲ್ಲ. ಟೀ ಹಾಕಿ ಎರಡನ್ನೂ ಕೂರಿಸಿ. ಬಝರ್ ವೈರ್ ಕಿತ್ತುಹಾಕುವುದು ಬೇಡ, ಅದು ಮುಂದೊಂದು ದಿನ ನಿಮ್ಮ ಎಂಜಿನ್ ಉಳಿಸುತ್ತದೆ.

ಟೆಂಪರೇಚರ್ ಮುಳ್ಳಿಗೂ ಹೀಗೇ. ಸುಬಾರು ಸೆನ್ಸರನ್ನು ಕಂಪ್ಯೂಟರಿಗೆ ಬಿಡಿ. ಮುಳ್ಳಿಗೆ ಫೋಕ್ಸ್‌ವ್ಯಾಗನ್‌ದೇ ಸೆನ್ಸರನ್ನು ಪೈಪಿನಲ್ಲಿ ಬೇರೆಯಾಗಿ ಕೂರಿಸಿ.

ಸಿಗ್ನಲ್‌ನಲ್ಲಿ ನಿಲ್ಸೋಕೆ ಹೋದ್ರೆ ಎಂಜಿನ್ ಆಫ್ ಆಗುತ್ತೆ. ಓಡುವಾಗ ಏನೂ ತೊಂದ್ರೆ ಇಲ್ಲ.

ಸ್ಪೀಡ್ ಸೆನ್ಸರ್ ಜೋಡಿಸಿದ್ದೀರಾ? ಗಾಡಿ ಓಡುತ್ತಿದೆಯೋ ನಿಂತಿದೆಯೋ ಅಂತ ಸುಬಾರು ಕಂಪ್ಯೂಟರಿಗೆ ಗೊತ್ತಾಗಬೇಕು. ವ್ಯಾನಗನ್ನಿನ ಸ್ಪೀಡೋಮೀಟರ್ ಬರೀ ಕೇಬಲ್. ಕೇಬಲ್ ಮಧ್ಯೆ ಕೂರುವ ಸಣ್ಣ ಸೆನ್ಸರ್ ಸಿಗುತ್ತದೆ. ಅದು ಸರಿ ಇದ್ದೂ ಆಫ್ ಆದರೆ ಐಡಲ್ ವಾಲ್ವ್ ತೊಳೆಯಿರಿ, ಏರ್‌ಫ್ಲೋ ಆದ ಮೇಲಿನ ರಬ್ಬರ್ ಪೈಪಿನಲ್ಲಿ ಬಿರುಕು ಹುಡುಕಿ.

130 ಎಚ್‌ಪಿಗೆ ಹಳೆ ಗೇರ್‌ಬಾಕ್ಸ್ ತಡೆಯುತ್ತಾ?

ನನ್ನದು ತಡೆದಿದೆ. ಆದರೆ ವ್ಯಾನಿನ ತೂಕ ಕಡಿಮೆಯಾಗಿಲ್ಲ, ಗಾಳಿಗೆ ಎದೆಕೊಡುವ ಡಬ್ಬದ ಆಕಾರವೂ ಬದಲಾಗಿಲ್ಲ. ಹಾಗಾಗಿ ನಾಲ್ಕನೇ ಗೇರಿನಲ್ಲಿ ಘಟ್ಟವನ್ನು ಅದುಮಿ ಹತ್ತಿಸಬೇಡಿ, ಮೂರಕ್ಕೆ ಇಳಿಸಿ. ಗೇರ್ ಆಯಿಲ್ ಬದಲಿಸುವಾಗ ಪ್ಲಗ್ಗಿಗೆ ಅಂಟಿದ ಪುಡಿ ನೋಡಿ. ಬೂದಿಯಂಥ ಪುಡಿ ಸಹಜ, ಚೂರುಗಳು ಬಂದರೆ ಬಿಚ್ಚಲೇಬೇಕು. ಬ್ರೇಕ್ ಹೋಸುಗಳನ್ನೂ ಅದೇ ದಿನ ನೋಡಿಬಿಡಿ. ಮೊದಲು ಡಾನರ್ ಘಟ್ಟದಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದ ವ್ಯಾನು ಈಗ ಅವುಗಳನ್ನು ದಾಟುತ್ತದೆ. ಅಂದರೆ ಆಚೆ ಬದಿ ಇಳಿಯುವಾಗಲೂ ಮೊದಲಿಗಿಂತ ಜೋರಾಗಿಯೇ ಇರುತ್ತದೆ.